ತಟ್ಟೆಯಿಂದ ಕೇಸ್ ಶೀಟಿನವರೆಗೆ: ನರ್ಸಿಂಗ್ ವಿದ್ಯಾರ್ಥಿಗಳು ಪೋಷಣಾಶಾಸ್ತ್ರ ಕಲಿಯುವುದು ಹೇಗೆ?

ನರ್ಸಿಂಗ್‌ಗೆ ಸೇರಿದ ಮೊದಲ ವರ್ಷದಲ್ಲಿ ಅಂಗರಚನೆ, ಶರೀರಕ್ರಿಯೆಗಳ ದಪ್ಪ ಪುಸ್ತಕಗಳ ಪಕ್ಕದಲ್ಲಿ ಪೋಷಣಾಶಾಸ್ತ್ರವು ಬಲು ಸುಲಭದ ವಿಷಯವಾಗಿ ಕಾಣುತ್ತದೆ. ಅನ್ನ, ಬೇಳೆ, ಸೊಪ್ಪು, ಹಾಲು ಯಾರಿಗೆ ಗೊತ್ತಿಲ್ಲ ಎಂಬ ಧೈರ್ಯದಲ್ಲಿ ಅನೇಕರು ಯಾವ ಜೀವಸತ್ವದ ಕೊರತೆಯಿಂದ ಯಾವ ಕಾಯಿಲೆ ಎಂಬ ಪಟ್ಟಿಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆದು ಪಾಸಾಗಿಬಿಡುತ್ತಾರೆ. ಆಮೇಲೆ ವಾರ್ಡಿನಲ್ಲಿ ಯಾರೋ ಒಬ್ಬರು ಟಿಫಿನ್ ಕ್ಯಾರಿಯರ್ ಹಿಡಿದು ಬಂದು, "ಸಿಸ್ಟರ್, ನಮ್ಮಮ್ಮನಿಗೆ ಇದನ್ನು ಕೊಡಬಹುದಾ?" ಎಂದು ಕೇಳಿದಾಗ ಆ ಪಟ್ಟಿ ನೆರವಿಗೆ ಬರುವುದಿಲ್ಲ. ಹಲವು ವರ್ಷ ಈ ವಿಷಯವನ್ನು ಪಾಠ ಮಾಡಿದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಪೋಷಣಾಶಾಸ್ತ್ರವನ್ನು ತಕ್ಕಡಿಯಿಂದ ಆರಂಭಿಸಬೇಕು, ಪುಸ್ತಕವನ್ನು ಎರಡು ವಾರ ತಡವಾಗಿ ತೆರೆದರೂ ನಷ್ಟವಿಲ್ಲ.

ಮೊದಲು ತೂಗಿ ನೋಡಿ

ಅಡುಗೆಮನೆಯ ಒಂದು ಸಣ್ಣ ಡಿಜಿಟಲ್ ತಕ್ಕಡಿ, ಮಿಲಿಲೀಟರ್ ಗೆರೆಗಳಿರುವ ಒಂದು ಅಳತೆಪಾತ್ರೆ, ಒಂದು ನೋಟ್‌ಬುಕ್ ಇದ್ದರೆ ಸಾಕು. ಒಂದು ವಾರ ನೀವು ತಿನ್ನುವುದನ್ನೆಲ್ಲ ಅಳೆಯಿರಿ. ಮನೆಯ ಕಾಫಿ ಲೋಟದಲ್ಲಿ ಎಷ್ಟು ಹಿಡಿಯುತ್ತದೆ, ಹೋಟೆಲಿನ ಲೋಟದಲ್ಲಿ ಎಷ್ಟು, ಸಾರಿನ ಸೌಟು ಎಷ್ಟು ಮಿಲಿಲೀಟರ್, ಸಾಂಬಾರಿನ ಬಟ್ಟಲು ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದೆ ದ್ರವದ ಲೆಕ್ಕ ಇಡಬೇಕಾದ ರೋಗಿಯ ಚಾರ್ಟ್ ತುಂಬುವಾಗ, "ಒಂದು ಲೋಟ ಗಂಜಿ" ಎಂಬ ಮಾತನ್ನು ಸಂಖ್ಯೆಯಾಗಿ ಬದಲಿಸಲು ನೆರವಾಗುವುದು ಇದೇ ಪುಟ.

ಇಲ್ಲಿ ಒಂದು ಎಚ್ಚರ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳೇ ನಮ್ಮ ಲೆಕ್ಕಗಳಿಗೆ ಆಧಾರ; ಆದರೆ ಧಾನ್ಯ, ಬೇಳೆಗಳ ವಿಷಯದಲ್ಲಿ ಅಲ್ಲಿರುವ ಅಂಕಿಗಳು 100 ಗ್ರಾಂ ಬೇಯಿಸದ ಪದಾರ್ಥಕ್ಕೆ ಸಂಬಂಧಿಸಿದವು. ತಟ್ಟೆಯಲ್ಲಿರುವ ಅನ್ನವನ್ನು ತೂಗಿ ಅಕ್ಕಿಯ ಅಂಕಿಯಿಂದ ಗುಣಿಸಿದರೆ ಉತ್ತರ ಎರಡು-ಮೂರು ಪಟ್ಟು ಹೆಚ್ಚಾಗಿ ಬರುತ್ತದೆ. ವಿದ್ಯಾರ್ಥಿಗಳ ನೋಟ್‌ಬುಕ್ಕುಗಳಲ್ಲಿ ನಾನು ಅತಿ ಹೆಚ್ಚು ಸಲ ಕೆಂಪು ಗೆರೆ ಎಳೆದಿರುವುದು ಈ ತಪ್ಪಿಗೆ.

ಹಿಟ್ಟು ಮತ್ತು ನೀರನ್ನು ತೂಗಿಯೇ ಹಾಕಿ ನಮ್ಮ ಮನೆಯಲ್ಲಿ ಒಮ್ಮೆ ಮುದ್ದೆ ತಿರುವಿದೆವು. ಒಂದು ಮುದ್ದೆ 280 ಗ್ರಾಂ ತೂಗಿತು. ಅದರಲ್ಲಿ ರಾಗಿ ಹಿಟ್ಟು ಸುಮಾರು 90 ಗ್ರಾಂ, ಉಳಿದದ್ದು ನೀರು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲರಿ, 7 ಗ್ರಾಂ ಪ್ರೋಟೀನ್, 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇರುವುದರಿಂದ, ನಮ್ಮ ಮುದ್ದೆಯ ಪಾಲಿಗೆ 290 ಕಿಲೋಕ್ಯಾಲರಿ, ಆರೂವರೆ ಗ್ರಾಂ ಪ್ರೋಟೀನ್ ಮತ್ತು ವಯಸ್ಕರಿಗೆ ದಿನಕ್ಕೆ ಬೇಕಾದ 1000 ಮಿಲಿಗ್ರಾಂ ಕ್ಯಾಲ್ಸಿಯಂನಲ್ಲಿ ಮೂರನೇ ಒಂದು ಪಾಲು ಬಂದವು. ಮಂಡ್ಯದ ಮುದ್ದೆಯ ಗಾತ್ರ ಬೇರೆ, ಬೆಂಗಳೂರಿನ ಹೋಟೆಲಿನದು ಬೇರೆ. ಆದ್ದರಿಂದ ನಿಮ್ಮ ಮನೆಯದನ್ನು ನೀವೇ ತೂಗಬೇಕು.

ಆಮೇಲೆ ಲೆಕ್ಕ

ನೆನಪಿಡಬೇಕಾದ ಮೂಲ ಅಂಕಿಗಳು ಕೆಲವೇ. ಒಂದು ಗ್ರಾಂ ಶರ್ಕರಪಿಷ್ಟದಿಂದ (ಕಾರ್ಬೋಹೈಡ್ರೇಟ್) 4, ಪ್ರೋಟೀನಿನಿಂದ 4, ಕೊಬ್ಬಿನಿಂದ 9 ಕಿಲೋಕ್ಯಾಲರಿ ಸಿಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ, ಹೆಚ್ಚು ಮೈಬಳಕೆಯಿಲ್ಲದ ಕೆಲಸ ಮಾಡುವ 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ 1660 ಕಿಲೋಕ್ಯಾಲರಿ, 65 ಕಿಲೋ ತೂಕದ ಪುರುಷನಿಗೆ 2110 ಕಿಲೋಕ್ಯಾಲರಿ ಬೇಕು. ಪ್ರೋಟೀನಿನ ಅಳತೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಅಂದರೆ ಆ ಮಹಿಳೆಗೆ ಸುಮಾರು 46 ಗ್ರಾಂ.

ಈಗ ಒಂದು ದಿನದ ಊಟವನ್ನು ಲೆಕ್ಕಕ್ಕೆ ಹಿಡಿಯೋಣ. ಒಬ್ಬಾಕೆ 200 ಗ್ರಾಂ ಅಕ್ಕಿ, ಮೇಲೆ ಹೇಳಿದ ಒಂದು ಮುದ್ದೆ, 40 ಗ್ರಾಂ ತೊಗರಿಬೇಳೆ, ಕಾಫಿ-ಮಜ್ಜಿಗೆ ಎಲ್ಲ ಸೇರಿ 150 ಮಿಲಿಲೀಟರ್ ಹಾಲು ಬಳಸಿದ್ದಾರೆ ಎಂದುಕೊಳ್ಳಿ. ಪ್ರೋಟೀನ್ ಕ್ರಮವಾಗಿ 16, ಆರೂವರೆ, ಸುಮಾರು 9 ಮತ್ತು 5 ಗ್ರಾಂ, ಒಟ್ಟು ಮೂವತ್ತಾರೂವರೆ. ಹೊಟ್ಟೆ ತುಂಬಿದೆ, ಆದರೂ ಹತ್ತು ಗ್ರಾಂ ಕಡಿಮೆ. ಒಂದು ಮೊಟ್ಟೆ ಮತ್ತು ಒಂದು ಸಣ್ಣ ಹಿಡಿ, ಎಂದರೆ 20 ಗ್ರಾಂನಷ್ಟು, ಕಡಲೆಕಾಯಿ ಬೀಜ ಸೇರಿದರೆ ಈ ಕೊರತೆ ತುಂಬುತ್ತದೆ. ಮೊಟ್ಟೆ ತಿನ್ನದವರಿಗೆ ಹುರುಳಿ ಅಥವಾ ಕಾಳಿನ ಉಸಲಿ ಹೇಳಬಹುದು. ಪ್ರೋಟೀನಿನ ಹೆಚ್ಚಿನ ಪಾಲು ಧಾನ್ಯದಿಂದಲೇ ಬರುವ ಊಟದಲ್ಲಿ ಅದರ ಗುಣಮಟ್ಟ ಕಡಿಮೆ ಇರುವುದರಿಂದ ಕಿಲೋಗೆ 1 ಗ್ರಾಂ ಎಂದೇ ಹಿಡಿಯಬೇಕಾಗುತ್ತದೆ. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಬೇಳೆ ತುಂಬಿಕೊಡುತ್ತದೆ ಎಂಬ ಪಾಠ ಈ ಲೆಕ್ಕದ ಜೊತೆಗೆ ಓದಿದಾಗ ಮರೆಯುವುದಿಲ್ಲ.

ನಿನ್ನೆಯ ಊಟವನ್ನು ಕೇಳುವುದು

ಮುಂದಿನ ಹೆಜ್ಜೆ ಹಿಂದಿನ 24 ಗಂಟೆಗಳ ಆಹಾರವನ್ನು ಕೇಳಿ ಬರೆದುಕೊಳ್ಳುವುದು. ಕೇಳಲು ಸರಳ, ಮಾಡಲು ಕಷ್ಟ. "ಏನು ತಿಂತೀನವ್ವ, ಒಂದ್ ಚೂರು ಅನ್ನ ಅಷ್ಟೇ" ಎನ್ನುವ ಅಜ್ಜಿಯ ಮುಂದೆ ಪೆನ್ನು ಹಿಡಿದು ಕೂತರೆ ಅಷ್ಟೇ ಸಿಗುತ್ತದೆ. "ಬೆಳಿಗ್ಗೆ ಎದ್ದ ತಕ್ಷಣ ಏನು ಕುಡಿದಿರಿ ಅಜ್ಜಿ?" ಎಂದು ದಿನದ ಕೆಲಸಗಳ ದಾರಿ ಹಿಡಿದು ಕೇಳಿದರೆ ಮೂರು ಹೊತ್ತಿನ ಕಾಫಿ ಹೊರಬರುತ್ತದೆ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ದಿನಕ್ಕೆ 30 ಗ್ರಾಂ, 120 ಕಿಲೋಕ್ಯಾಲರಿ. ನಿಮ್ಮ ಬಟ್ಟಲು, ಲೋಟಗಳನ್ನು ಎದುರಿಗಿಟ್ಟು "ಇಷ್ಟಾ, ಇದಕ್ಕಿಂತ ಕಡಿಮೆಯಾ?" ಎಂದು ತೋರಿಸಿ ಕೇಳಿ. ತೀರ್ಪಿನ ಧ್ವನಿ ಬೇಡ, "ಅಯ್ಯೋ, ಅಷ್ಟು ಸಕ್ಕರೆಯಾ!" ಎಂದ ಮರುಕ್ಷಣವೇ ಮಾತು ನಿಲ್ಲುತ್ತದೆ.

ಎಣ್ಣೆಯನ್ನು ಮಾತ್ರ ಯಾರೂ ಸರಿಯಾಗಿ ಹೇಳಲಾರರು. ಅದಕ್ಕೊಂದು ಅಡ್ಡದಾರಿಯಿದೆ: ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತೀರಿ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿ. ನಾಲ್ಕು ಜನರ ಮನೆಗೆ ನಾಲ್ಕು ಲೀಟರ್ ಎಂದರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ. ಒಂಬತ್ತರಿಂದ ಗುಣಿಸಿದರೆ 270 ಕಿಲೋಕ್ಯಾಲರಿ.

ಅಳತೆಪಟ್ಟಿ ಮತ್ತು ಹೆಬ್ಬೆರಳು

ಕೇಳಿದ್ದನ್ನು ದೇಹದ ಮೇಲೆ ಪರೀಕ್ಷಿಸಲು ಕಲಿಯಬೇಕು. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿ.ಎಂ.ಐ. ಸಿಗುತ್ತದೆ. 152 ಸೆಂಟಿಮೀಟರ್ ಎತ್ತರ, 56 ಕಿಲೋ ತೂಕದವರದು 24.2, ವಿದೇಶಿ ಪಠ್ಯಪುಸ್ತಕದ 25ರ ಮಿತಿಯಲ್ಲಿ ಇದು ಸಾಮಾನ್ಯ, ಆದರೆ ಭಾರತೀಯರಿಗೆ ಬಳಸುವ ಅಳತೆಯಲ್ಲಿ 23 ದಾಟಿದರೆ ಅಧಿಕ ತೂಕ.

6 ತಿಂಗಳಿನಿಂದ 59 ತಿಂಗಳವರೆಗಿನ ಮಕ್ಕಳಿಗೆ ಎಡತೋಳಿನ ನಡುಭಾಗದ ಸುತ್ತಳತೆ ಬಹಳ ಉಪಯುಕ್ತ. ಭುಜದ ತುದಿಯಿಂದ ಮೊಣಕೈವರೆಗೆ ಅಳೆದು, ಮಧ್ಯದ ಬಿಂದುವನ್ನು ಗುರುತಿಸಿ, ತೋಳನ್ನು ಸಡಿಲವಾಗಿ ಇಳಿಬಿಟ್ಟು ಪಟ್ಟಿ ಸುತ್ತಬೇಕು. 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, 12.5ರೊಳಗಿದ್ದರೆ ಮಧ್ಯಮ. ಪಟ್ಟಿ ಬಿಗಿಯಾಗಿ ಎಳೆದರೆ ಆರೋಗ್ಯವಂತ ಮಗುವೂ ಪಟ್ಟಿಯಲ್ಲಿ ತೀವ್ರ ಅಪೌಷ್ಟಿಕತೆಯನ್ನು ಸೂಚಿಸುವ ಕೆಂಪು ಬಣ್ಣಕ್ಕೆ ಬರುತ್ತದೆ! ಜೊತೆಗೆ ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಕೆಲವು ಕ್ಷಣ ಒತ್ತಿ, ಗುಳಿ ಉಳಿಯುವುದೇ ಎಂದು ನೋಡಬೇಕು. ಬಾವು ಇರುವ ಮಗುವಿನ ತೂಕ ನೀರಿನಿಂದ ಹೆಚ್ಚಾಗಿರುವುದರಿಂದ ತಕ್ಕಡಿ ಮೋಸ ಮಾಡುತ್ತದೆ. ಎರಡೂ ಪಾದಗಳಲ್ಲಿ ಗುಳಿ ಬಿದ್ದರೆ ತೂಕ ಎಷ್ಟೇ ಇದ್ದರೂ ವೈದ್ಯರಿಗೆ ತಿಳಿಸಬೇಕು.

ಕಾಯಿಲೆಗೆ ತಕ್ಕ ಊಟ

ಒಳ್ಳೆಯ ಆಹಾರ, ಕೆಟ್ಟ ಆಹಾರ ಎಂಬ ಮನೆಮಾತಿನ ವಿಂಗಡಣೆ ವಾರ್ಡಿನಲ್ಲಿ ಕುಸಿಯುತ್ತದೆ. ಎಳನೀರನ್ನೇ ನೋಡಿ. ರೋಗಿಯನ್ನು ನೋಡಲು ಬರುವವರು ಬರಿಗೈಯಲ್ಲಿ ಬರಬಾರದೆಂದು ತರುವ ಮೊದಲ ವಸ್ತು ಅದು. ಆದರೆ 100 ಮಿಲಿಲೀಟರಿಗೆ 200 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ ಇರುವ ಎಳನೀರು, ಮೂತ್ರಪಿಂಡ ಕೆಲಸ ಮಾಡದೆ ಡಯಾಲಿಸಿಸ್‌ಗೆ ಬರುವವರಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಸೋಡಿಯಂ ಕಡಿಮೆಯಿರುವ ಉಪ್ಪು ಎಂದು ಮಾರುವುದರಲ್ಲಿಯೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮಧುಮೇಹಿಗಳ ಮನೆಗಳಲ್ಲಿ "ಅನ್ನ ಬಿಟ್ಟು ಮುದ್ದೆ ಶುರು ಮಾಡಿದ್ದೇವೆ, ಎಷ್ಟು ತಿಂದರೂ ಪರವಾಗಿಲ್ಲ" ಎಂಬ ನಂಬಿಕೆಯಿದೆ. ರಾಗಿ ಹಿಟ್ಟಿನಲ್ಲಿಯೂ ಮೂರನೇ ಎರಡು ಪಾಲು ಶರ್ಕರಪಿಷ್ಟವೇ, ನಾವು ತೂಗಿದ ಆ ಒಂದು ಮುದ್ದೆಯಲ್ಲೇ ಸುಮಾರು 60 ಗ್ರಾಂ. ರಕ್ತದೊತ್ತಡದವರಿಗೆ ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಎಂದು ಹೇಳಿ ಬರುವಾಗ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯ ಹೆಸರನ್ನು ಹಿಡಿದೇ ಕೇಳಬೇಕು.

ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಕಾಫಿ, ಚಹಾದ ಜೊತೆ ನುಂಗಿದರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ, ನಿಂಬೆಹಣ್ಣಿನ ಪಾನಕದ ಜೊತೆ ಚೆನ್ನಾಗಿ ಸೇರುತ್ತದೆ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ. ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ಬಿಡುತ್ತಾರೆ. ಪಥ್ಯವನ್ನು ನಿರ್ಧರಿಸುವವರು ವೈದ್ಯರು ಮತ್ತು ಆಹಾರತಜ್ಞರು. ಅದು ಬಾಯಿಗೆ ತಲುಪಿತೇ ಎಂದು ನೋಡುವವರು ನಾವು.

ಕೊನೆಗೆ ಬರೆಯುವುದು

ವಿದ್ಯಾರ್ಥಿನಿಯಾಗಿದ್ದಾಗ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಮಧುಮೇಹವಿದ್ದ ಹಿರಿಯರೊಬ್ಬರಿಗೆ ಊಟಕ್ಕೆ ಮೊದಲು ಇನ್ಸುಲಿನ್ ಕೊಡಲಾಗಿತ್ತು. ಅರ್ಧ ಗಂಟೆಯ ನಂತರ ಬಂದು ಖಾಲಿ ತಟ್ಟೆ ನೋಡಿ "ಊಟ ಮಾಡಿದ್ದಾರೆ" ಎಂದು ಬರೆದೆ. ಬಾಯಿಹುಣ್ಣಿನಿಂದ ಖಾರ ತಿನ್ನಲಾಗದೆ ಅವರು ತಟ್ಟೆಯನ್ನು ಜೊತೆಗಿದ್ದ ಮಗನ ಕಡೆ ಸರಿಸಿದ್ದರು. ಸ್ವಲ್ಪ ಹೊತ್ತಿಗೆ ಅವರು ಬೆವತು, ತೊದಲತೊಡಗಿದಾಗ ಹಿರಿಯ ಸಿಸ್ಟರ್ ಬೆರಳಿನ ರಕ್ತ ಪರೀಕ್ಷಿಸಿದರೆ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂ ಎಂಬ ಕೆಳಮಿತಿಗಿಂತ ಬಹಳ ಕೆಳಗಿತ್ತು. ನುಂಗುವ ಎಚ್ಚರ ಇನ್ನೂ ಇದ್ದುದರಿಂದ ಮೂರು ಚಮಚ ಸಕ್ಕರೆ ಕರಗಿಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಅವರನ್ನು ಸುಧಾರಿಸಿದರು. ಆಮೇಲೆ ನನ್ನನ್ನು ಕೂರಿಸಿ ಆ ಸಾಲನ್ನು ಹೊಡೆದುಹಾಕಿಸಿ, ಸಹಿ ಹಾಕಿಸಿ, ಕೆಳಗೆ ಹೀಗೆ ಬರೆಸಿದರು: "ಮಧ್ಯಾಹ್ನ 1 ಗಂಟೆ. ಎರಡು ತುತ್ತು ಅನ್ನ ತಿಂದರು, ಮಜ್ಜಿಗೆ 100 ಮಿ.ಲೀ. ಕುಡಿದರು. ಬಾಯಿಹುಣ್ಣಿನಿಂದ ಉಳಿದದ್ದನ್ನು ಬಿಟ್ಟರು. ವೈದ್ಯರಿಗೆ ತಿಳಿಸಲಾಗಿದೆ."