ಬಲಕ್ಕೆ ತಿರುಗಿದಾಗ ಮಾತ್ರ ಗಿರಕಿ

ಎಡಕ್ಕೆ ತಿರುಗಿಸಿದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಗುತ್ತಿತ್ತು. ಬಲಕ್ಕೆ ತಿರುಗಿಸಿ ಥ್ರಾಟಲ್ ಒತ್ತಿದರೆ ಹಿಂಭಾಗ ಜಾರಿ ಒಂದು ಗಿರಕಿ. ನನ್ನದು ರಿಮೋಟ್‌ನಿಂದ ಓಡಿಸೋ 1/10 ಅಳತೆಯ ಬಗ್ಗಿ ಕಾರು, ಮೋಟಾರಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಓಡಿಸೋದು ಪುಣೆಯ ಕೋಥ್ರೂಡಿನಲ್ಲಿ, ಮನೆ ಹತ್ತಿರದ ಖಾಲಿ ಮುರುಮ್ (ಗರಸು ಮಣ್ಣಿನ) ಜಾಗದಲ್ಲಿ, ಭಾನುವಾರ ಹುಡುಗರು ಕ್ರಿಕೆಟ್ಟಿಗೆ ಬರೋ ಮುಂಚೆ.

ಹುಬ್ಬಳ್ಳಿ ಗೆಳೆಯ ನೋಡಿ, "ಏ, ಟಾಯರ್ ಸವದಾವಲೇ, ಬದಲಸು" ಅಂದ. ಹೊಸ ಟಯರ್ ತರಿಸಿದೆ. ಹಾಕೋ ಮುಂಚೆ ಒಂದು ವಿಷಯ ತಲೆಗೆ ಬಂತು. ನೇರ ಓಡುವಾಗ ಕಾರು ಬಲಕ್ಕೆ ಎಳೆಯುತ್ತೆ ಅಂತ ರಿಮೋಟ್‌ನಲ್ಲಿ ಟ್ರಿಮ್ ಅನ್ನು (ಸ್ಟೀರಿಂಗಿನ ನೇರ ಸ್ಥಾನ ಸರಿಮಾಡೋ ಗುಂಡಿ) ಎಡಕ್ಕೆ ನಾಲ್ಕೈದು ಕ್ಲಿಕ್ ತಳ್ಳಿದ್ದೆ. ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ಟ್ರಿಮ್ ರೋಗ ವಾಸಿ ಮಾಡಲ್ಲ, ಸುಮ್ನೆ ಮುಚ್ಚಿಡುತ್ತೆ.

ಹಿಂಚಕ್ರಗಳ ಮುಂಭಾಗ ಸ್ವಲ್ಪ ಒಳಕ್ಕೆ ತಿರುಗಿರಬೇಕು, ಅದು ಟೋ-ಇನ್. ಇಂಥ ಬಗ್ಗಿಗೆ ಒಂದೊಂದು ಚಕ್ರಕ್ಕೂ ಸುಮಾರು 3 ಡಿಗ್ರಿ ಇರುತ್ತೆ. ಜಾಸ್ತಿ ಕೊಟ್ಟರೆ ಹಿಂಭಾಗ ಗಟ್ಟಿಯಾಗಿ ಕೂರುತ್ತೆ, ಆದರೆ ವೇಗ ಸ್ವಲ್ಪ ತಿನ್ನುತ್ತೆ. ಕಡಿಮೆ ಮಾಡಿದರೆ ಚುರುಕಾಗಿ ತಿರುಗುತ್ತೆ, ಜೊತೆಗೆ ಜಾರುತ್ತೆ.

ಅಳೆಯೋಕೆ ಸೆಟಪ್ ಬೋರ್ಡ್ ಇಲ್ಲ, ಹಾಲ್‌ನ ಟೈಲ್ಸ್ ಇದೆ. ಬ್ಯಾಟರಿ ಹಾಕಿ, ಕಾರನ್ನು ನಾಲ್ಕು ಸಲ ಒತ್ತಿ ಬಿಟ್ಟೆ, ಸಸ್ಪೆನ್ಷನ್ ತನ್ನ ಎತ್ತರಕ್ಕೆ ಬರಲಿ ಅಂತ. ಮುಂದೆ ಹಿಂದೆ ನಡುವಿನ ಸ್ಕ್ರೂಗಳಿಗೆ ದಾರ ಕಟ್ಟಿ, ತುದಿಗೆ ನಟ್ ಇಳಿಬಿಟ್ಟು, ಎರಡೂ ಟೈಲ್ಸ್ ಸಂದಿಯ ಗೆರೆ ಮೇಲೇ ಬರೋ ಹಾಗೆ ಕಾರು ನಿಲ್ಲಿಸೋದಕ್ಕೇ ಅರ್ಧ ಗಂಟೆ ಹಿಡಿಯಿತು. ಆಮೇಲೆ ಚಕ್ರದ ರಿಮ್‌ಗೆ 200 ಮಿಮೀ ಸ್ಟೀಲ್ ಸ್ಕೇಲನ್ನು ಅಡ್ಡಲಾಗಿ ರಬ್ಬರ್ ಬ್ಯಾಂಡ್‌ನಿಂದ ಬಿಗಿದು, ಅದರ ಎರಡೂ ತುದಿಯಿಂದ ಗೆರೆಗೆ ಎಷ್ಟು ದೂರ ಅಂತ ನೋಡಿದೆ. ಅಷ್ಟು ಉದ್ದಕ್ಕೆ 1 ಡಿಗ್ರಿ ಅಂದರೆ 3.5 ಮಿಮೀ ವ್ಯತ್ಯಾಸ. ಬಲಗಡೆ ಹತ್ತೂವರೆ ಬಂತು, ಸರಿ. ಎಡಗಡೆ ಬರೀ ಮೂರೂವರೆ!

ಬಲಕ್ಕೆ ತಿರುಗುವಾಗ ಹಿಂಭಾಗದ ಭಾರ ಹೆಚ್ಚು ಬೀಳೋದು ಎಡ ಹಿಂಚಕ್ರದ ಮೇಲೆ. ಅದಕ್ಕೇ ಟೋ-ಇನ್ ಸಾಲದಿದ್ದರೆ ಹಿಂಭಾಗ ಹಿಡಿದಿಡೋರು ಯಾರು?

ತಪ್ಪು ನನ್ನದೇ. ಹಿಂದಿನ ತಿಂಗಳು ಫುಟ್‌ಪಾತ್ ಅಂಚಿಗೆ ಹೊಡೆದು ಎಡ ಹಿಂಚಕ್ರ ಹೊರೋ ಆರ್ಮ್‌ನ ಹಿಂಜ್ ಪಿನ್ (ಆರ್ಮ್ ಮೇಲೆ ಕೆಳಗೆ ಆಡೋ ಕಡ್ಡಿ) ಬಾಗಿತ್ತು. ಅಡುಗೆಮನೆ ಕಡಪಾ ಕಲ್ಲಿನ ಮೇಲೆ ಉರುಳಿಸಿ ನೋಡಿದಾಗ ಕುಂಟುತ್ತಿತ್ತು. "ಹಿಟ್ಟು ನಾದೋ ಕಟ್ಟಿ ಮ್ಯಾಲೆ ಗ್ರೀಸ್ ಹಚ್ಚಬ್ಯಾಡ್ರೀ" ಅಂತ ಹೆಂಡತಿ ಕೂಗಿದ್ದಕ್ಕೆ ಅವಸರದಲ್ಲಿ ಹೊಸ ಪಿನ್ ಹಾಕಿ ಮುಗಿಸಿದ್ದೆ. ಆ ಪಿನ್ನಿನ ಹಿಂದಿನ ತುದಿ ಕೂರೋದು ಒಂದು ಪಿಲ್ ಅನ್ನೋ ಪುಟಾಣಿ ಪ್ಲಾಸ್ಟಿಕ್ ಬಿಲ್ಲೆಯಲ್ಲಿ, ಅದರ ತೂತು ನಡುವಿಗಿಲ್ಲ, ಒಂದು ಬದಿಗಿರುತ್ತೆ, ಆ ಬದಿಗೆ ಒಂದು ಚುಕ್ಕೆ. ಎರಡೂ ಚುಕ್ಕೆ ಹೊರಗೆ ನೋಡಬೇಕಿತ್ತು. ನಾನು ಎರಡನ್ನೂ ಬಲಕ್ಕೆ ಕೂರಿಸಿದ್ದೆ! ಹಾಗಾಗಿ ಎಡಗಡೆ 2 ಡಿಗ್ರಿಗೆ 1 ಸೇರಿ 3 ಆಗೋ ಬದಲು, 1 ಕಳೆದು 1 ಡಿಗ್ರಿ ಆಗಿತ್ತು.

ಪಿಲ್ ತಿರುಗಿಸಿದ್ದು ಎರಡು ನಿಮಿಷದ ಕೆಲಸ. ಆದರೆ ಆರ್ಮ್ ಹೊರಕ್ಕೆ ಸರಿದದ್ದಕ್ಕೆ ಎಡ ಚಕ್ರದ ತಲೆ ಜಾಸ್ತಿ ಒಳಕ್ಕೆ ವಾಲಿತು. ಚಕ್ರದ ತಲೆ ಹಿಡಿಯೋ ಮೇಲಿನ ಲಿಂಕಿನ ಟರ್ನ್‌ಬಕಲ್ (ಎರಡು ತುದಿಗೆ ವಿರುದ್ಧ ಥ್ರೆಡ್ ಇರೋ ಕಡ್ಡಿ) ತಿರುಗಿಸಿ, ಲಿಂಕ್ ತುಸು ಉದ್ದ ಮಾಡಿ, ಕ್ಯಾಂಬರ್, ಅಂದರೆ ಆ ವಾಲು, ಎರಡೂ ಕಡೆ ಒಂದೂವರೆ ಡಿಗ್ರಿಗೆ ತಂದೆ. ಈ ಸಲ ಎಡ (ಉಲ್ಟಾ) ಥ್ರೆಡ್‌ನ ತುದಿ ಎರಡೂ ಕಡೆ ಒಂದೇ ದಿಕ್ಕಿಗೆ ಬರೋ ಹಾಗೆ ಹಾಕಿದ್ದೇನೆ, ಸ್ಪ್ಯಾನರ್ ಯಾವ ಕಡೆ ತಿರುಗಿಸಬೇಕು ಅಂತ ಪ್ರತಿ ಸಲ ತಲೆ ಕೆರೆದುಕೊಳ್ಳಬೇಕಿಲ್ಲ. ಟ್ರಿಮ್ ಮತ್ತೆ ಸೊನ್ನೆಗೆ.

ಭಾನುವಾರ ಬಲ ತಿರುವಿನಲ್ಲಿ ಪೂರ್ತಿ ಥ್ರಾಟಲ್ ಒತ್ತಿದೆ, ಬಾಲ ಅಲ್ಲಾಡಲಿಲ್ಲ. ಹೊಸ ಟಯರ್ ಪ್ಯಾಕೆಟ್ ಇನ್ನೂ ಒಡೆದಿಲ್ಲ, ಯಾರಿಗಾದರೂ ಬೇಕಾ?