ಫೆಬ್ರವರಿಯಲ್ಲಿ ನೋಡಿ ಬಂದ ಊರು

2022ರ ಅಕ್ಟೋಬರಿನಲ್ಲಿ ನಮ್ಮ ಕಂಪನಿಯವರು ಶಿಕಾಗೋ ಕಚೇರಿಗೆ ವರ್ಗ ಮಾಡಿಸಿಕೊಳ್ಳುವ ಅವಕಾಶವನ್ನು ನನ್ನ ಮುಂದಿಟ್ಟು, ಉತ್ತರ ಹೇಳಲು ಮಾರ್ಚ್‌ವರೆಗೆ ಸಮಯ ಕೊಟ್ಟರು. ಆಗ ನನಗೆ ಮೂವತ್ತಾರು ವರ್ಷ. ಮದುವೆಯಾಗಿರಲಿಲ್ಲ, ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ ಐದು ವರ್ಷಗಳಿಂದ ಒಬ್ಬಳೇ ಇದ್ದೆ. ವಿಷಯ ತಿಳಿದವರೆಲ್ಲ ಚಳಿಯ ಹೆಸರು ಹೇಳಿ ಹೆದರಿಸಿದರು. ತೀರ್ಥಹಳ್ಳಿಯ ಹತ್ತಿರದ ಊರಿನಿಂದ ಫೋನಿನಲ್ಲಿ ಅಮ್ಮ ಮಾತ್ರ ಬೇರೆಯದನ್ನು ಕೇಳಿದಳು: “ಚಳಿ ಹ್ಯಾಗೋ ತಡ್ಕೊಳ್ಬಹುದು ಮಾರಾಯ್ತಿ, ಅಲ್ಲಿ ಜಾರಿ ಬಿದ್ರೆ ಎತ್ತುವವ್ರು ಯಾರು?”

ಅರ್ವಿಂಗ್‌ನಲ್ಲಿ ಬಿದ್ದಿದ್ದರೂ ಎತ್ತುವವರು ಇರಲಿಲ್ಲ ಎಂಬುದನ್ನು ನಾನು ಅವಳಿಗೆ ಹೇಳಿರಲಿಲ್ಲ. 2021ರ ಫೆಬ್ರವರಿಯಲ್ಲಿ ಉತ್ತರದ ಶೀತಗಾಳಿ ಟೆಕ್ಸಸ್‌ನ ಮೇಲೆ ಎರಗಿದಾಗ, 16ನೇ ತಾರೀಕಿನ ಬೆಳಿಗ್ಗೆ ಡಲ್ಲಾಸ್ ವಿಮಾನ ನಿಲ್ದಾಣದ ಉಷ್ಣಾಂಶ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ರಾಜ್ಯದ ವಿದ್ಯುತ್ ಜಾಲ ಕುಸಿಯುವ ಅಂಚಿಗೆ ಬಂದು, ಲಕ್ಷಾಂತರ ಮನೆಗಳ ಹಾಗೆ ನನ್ನ ಮನೆಯಲ್ಲೂ ಎರಡೂವರೆ ದಿನ ಕರೆಂಟ್ ಇರಲಿಲ್ಲ. ಹೀಟರ್ ಇದ್ದದ್ದು ಕರೆಂಟಿನದೇ. ಇದ್ದಬದ್ದ ಹೊದಿಕೆಗಳನ್ನೆಲ್ಲ ಹೇರಿಕೊಂಡು ಮಲಗಿದ್ದ ಎರಡನೆಯ ರಾತ್ರಿ, ಎದುರು ಬಾಗಿಲಿನ ಮನೆಯಲ್ಲಿ ಜನ ಓಡಾಡುವ ಸದ್ದು ಕೇಳಿಸುತ್ತಿತ್ತು. ಹೋಗಿ ಬಾಗಿಲು ತಟ್ಟೋಣವೆಂದರೆ ಮೂರು ವರ್ಷ ಕಳೆದಿದ್ದರೂ ನನಗೆ ಅವರ ಹೆಸರೂ ತಿಳಿದಿರಲಿಲ್ಲ. ಆ ಶೀತದಿಂದ ರಾಜ್ಯದಲ್ಲಿ ಸತ್ತವರು 246 ಮಂದಿ ಎಂದು ಟೆಕ್ಸಸ್‌ನ ಆರೋಗ್ಯ ಇಲಾಖೆ ಕೊನೆಗೆ ಲೆಕ್ಕ ಕೊಟ್ಟಿತು. ಬೆಚ್ಚಗಿನ ಊರಿನಲ್ಲಿ ಇರುವುದೇ ಒಂದು ರಕ್ಷಣೆ ಎಂಬ ನಂಬಿಕೆ ಅಲ್ಲಿಗೆ ಹೋಯಿತು.

ಶಿಕಾಗೋದ ಬಗ್ಗೆ ಓದಲು ತೊಡಗಿದಾಗ, ವಿಚಿತ್ರವೆಂದರೆ, ನನ್ನನ್ನು ಹೆಚ್ಚು ಕಾಡಿದ್ದು ಆ ಊರಿನ ಒಂದು ಬೇಸಿಗೆ. 1995ರ ಜುಲೈನಲ್ಲಿ ಬಂದ ಬಿಸಿಗಾಳಿಯಲ್ಲಿ ಅಲ್ಲಿ ಒಂದೇ ವಾರದೊಳಗೆ 700ಕ್ಕೂ ಹೆಚ್ಚು ಜನ ಸತ್ತಿದ್ದರು, ಅವರಲ್ಲಿ ಬಹಳ ಮಂದಿ ವಯಸ್ಸಾದವರು, ಒಂಟಿಯಾಗಿದ್ದವರು, ಕಿಟಕಿ ಬಾಗಿಲು ಭದ್ರಪಡಿಸಿಕೊಂಡು ಒಳಗೇ ಉಳಿದವರು. ಬಿಸಿಲೂರು ಹೆಪ್ಪುಗಟ್ಟಿದಾಗ ನಾನು ಕಂಡದ್ದೂ, ಚಳಿಯೂರು ಕಾದಾಗ ಅವರಿಗೆ ಆದದ್ದೂ ಒಂದೇ ಜಾತಿಯವು ಎನ್ನಿಸಿತು. ಹಾಗಾಗಿ ಹವಾಮಾನದ ಪಟ್ಟಿಯನ್ನು ಬದಿಗಿಟ್ಟು, ಒಂದು ದಿನ ನಾನು ಮನೆಯಿಂದ ಹೊರಗೆ ಬಾರದಿದ್ದರೆ ಅದು ಯಾರ ಗಮನಕ್ಕೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಮುಂದಿಟ್ಟುಕೊಂಡು ಹೊರಟೆ.

ಮಲೆನಾಡಿನಲ್ಲಿ ಬೆಳೆದವರಿಗೆ ವರ್ಷದಲ್ಲಿ ನಾಲ್ಕು ತಿಂಗಳು ಒಳಗೇ ಇರುವುದು ಹೊಸದೇನಲ್ಲ. ಮೇ ತಿಂಗಳೊಳಗೆ ಸೌದೆ ಕೊಟ್ಟಿಗೆ ತುಂಬಬೇಕು, ಹಪ್ಪಳ ಸಂಡಿಗೆ ಡಬ್ಬ ಸೇರಬೇಕು, ಮಾಡಿನ ಹೆಂಚು ಕೈಯಾಡಿಸಿಯಾಗಬೇಕು. ಆಮೇಲೆ ಮಳೆ ಎಷ್ಟು ದಿನ ಹಿಡಿದರೂ ಯಾರೂ ಅದನ್ನು ಆಪತ್ತೆಂದು ಕರೆಯುವುದಿಲ್ಲ. ಈ ಧೈರ್ಯದಲ್ಲಿ ನಾನು ಚಳಿಗಾಲವನ್ನೂ ಒಂದು ಮಳೆಗಾಲವೆಂದೇ ಎಣಿಸಿದ್ದೆ. ಆದರೆ ನಮ್ಮ ಮನೆಯಲ್ಲಿ ಮಳೆಗಾಲವನ್ನು ಕಳೆಯುತ್ತಿದ್ದದ್ದು ಎಂಟು ಜನ. ಒಬ್ಬರಿಗೆ ಜ್ವರ ಬಂದರೆ ಕಷಾಯ ಕಾಸಲು ಇನ್ನೊಬ್ಬರು ಇದ್ದರು. ಈ ಲೆಕ್ಕವನ್ನು ನಾನು ಮೊದಲು ಮರೆತಿದ್ದೆ.

ಯಾವ ಊರನ್ನೂ ಅದರ ಒಳ್ಳೆಯ ತಿಂಗಳಲ್ಲಿ ನೋಡಿ ಒಪ್ಪಬಾರದೆಂದು, 2023ರ ಜನವರಿ ಕೊನೆಗೆ, ಫೆಬ್ರವರಿಯ ಮೊದಲ ದಿನಗಳೂ ಸೇರುವಂತೆ, ಒಂಬತ್ತು ದಿನ ರಜೆ ಹಾಕಿ ಹೋದೆ. ಊರಿನ ನಡುವಿನ ಹೋಟೆಲಿನಲ್ಲಿ ಉಳಿದರೆ ಪ್ರವಾಸಿಯ ಕಣ್ಣಿಗೆ ಕಾಣುವುದಷ್ಟೇ ಕಾಣುತ್ತದೆ. ಆದ್ದರಿಂದ ಉತ್ತರದ ಎಜ್‌ವಾಟರ್‌ನಲ್ಲಿ, ಮುಂದೆ ಬಾಡಿಗೆಗೆ ಹಿಡಿಯಬಹುದಾದಂಥ ಹಳೆಯ ಇಟ್ಟಿಗೆ ಕಟ್ಟಡದಲ್ಲೇ ಒಂದು ಕೋಣೆ ಹಿಡಿದು, ಕೆಲಸದ ದಿನಗಳಲ್ಲಿ ಬೆಳಿಗ್ಗೆ ಏಳೂವರೆಗೆ ಹೊರಟು ಕಚೇರಿಯ ಬಾಗಿಲವರೆಗೆ ಹೋಗಿ ಬಂದೆ. ಗ್ರ್ಯಾನ್‌ವಿಲ್ ನಿಲ್ದಾಣದಿಂದ ರೆಡ್ ಲೈನ್ ರೈಲು ಹತ್ತಬೇಕು. ಅದು ಇಪ್ಪತ್ತನಾಲ್ಕು ಗಂಟೆಯೂ ಓಡುವ ರೈಲು ಎಂಬುದು, ತಡರಾತ್ರಿ ಒಬ್ಬಳೇ ಮರಳಬೇಕಾದವಳಿಗೆ ಸಣ್ಣ ವಿಷಯವಲ್ಲ. ರಾತ್ರಿ ಹನ್ನೊಂದರ ಮೇಲೆ ಅದರಲ್ಲಿ ಹೋಗಿಯೂ ನೋಡಿದೆ. ಎಲ್ಲ ಡಬ್ಬಿಗಳೂ ಒಂದೇ ರೀತಿ ಇರಲಿಲ್ಲ, ಒಂದು ಡಬ್ಬಿಯಿಂದ ಇಳಿದು ಮುಂದಿನದಕ್ಕೆ ಹತ್ತಿದೆ.

ಮೊದಲ ಬೆಳಿಗ್ಗೆ ಹತ್ತಿಯ ಕಾಲುಚೀಲ, ಜೀನ್ಸ್, ಟೆಕ್ಸಸ್‌ನ ಅಂಗಡಿಯಲ್ಲಿ ಕೊಂಡ ಬೂಟು ಹಾಕಿಕೊಂಡು ಹೋಗಿದ್ದೆ. ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ ಉಸಿರು ಎಳೆದರೆ ಮೂಗಿನೊಳಗಿನ ಕೂದಲು ಅಂಟಿಕೊಂಡಂತಾಗುತ್ತದೆ, ಊರಿನ ಪಕ್ಕದ ಮಿಶಿಗನ್ ಸರೋವರದ ಕಡೆಯಿಂದ ಗಾಳಿ ಬಂದರೆ ಕಣ್ಣಲ್ಲಿ ನೀರು ತುಂಬುತ್ತದೆ. ಅದನ್ನು ಹೇಗೋ ಸಹಿಸಬಹುದು. ಸಹಿಸಲಾಗದ್ದು ಒದ್ದೆಯಾದ ಕಾಲು. ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಬೂಟಿನ ಹೊಲಿಗೆಯೊಳಗೆ ಇಳಿದು, ಮೂರೇ ದಿನಕ್ಕೆ ಚರ್ಮದ ಮೇಲೆ ಬಿಳಿಯ ಗೆರೆ ಮೂಡಿಸಿತು. ನಾಲ್ಕನೆಯ ದಿನ ಉಣ್ಣೆಯ ಕಾಲುಚೀಲ, ನೀರು ಇಳಿಯದ ಬೂಟು, ಕಿವಿ ಮುಚ್ಚುವ ಕುಲಾವಿ ಕೊಂಡೆ. ದುಬಾರಿ ಕೋಟಿಗೆ ಮೊದಲು ಕಾಲಿಗೆ ಖರ್ಚು ಮಾಡಬೇಕೆಂಬ ಪಾಠವನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಗ್ರ್ಯಾನ್‌ವಿಲ್ ನಿಲ್ದಾಣದ ಮಾಡಿನಲ್ಲಿ ಕೆಂಪಗೆ ಕಾಯುವ ದೀಪಗಳಿವೆ. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಉರಿದು ಆರುತ್ತವೆ. ಅದರಡಿಯಲ್ಲಿ ಏಳೆಂಟು ಮಂದಿ ಅಪರಿಚಿತರು, ನಮ್ಮೂರ ಬಚ್ಚಲೊಲೆಯ ಮುಂದೆ ಮಕ್ಕಳು ಒತ್ತಿಕೊಂಡು ಕೂತ ಹಾಗೆ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ನಾನು ದೂರ ನಿಂತದ್ದನ್ನು ಕಂಡ ವಯಸ್ಸಾದ ಹೆಂಗಸೊಬ್ಬರು ಒಂದು ಹೆಜ್ಜೆ ಸರಿದು, ಕೈಗವಸಿನ ಕೈಯಿಂದಲೇ ಜಾಗ ತೋರಿಸಿದರು. ಅರ್ವಿಂಗ್‌ನಲ್ಲಿ ಮನೆಯಿಂದ ಕಾರಿಗೆ, ಕಾರಿನಿಂದ ಕಚೇರಿಗೆ ಹೋಗುತ್ತಿದ್ದ ಐದು ವರ್ಷಗಳಲ್ಲಿ ಯಾರೂ ನನಗಾಗಿ ಸರಿಯಬೇಕಾದ ಸಂದರ್ಭವೇ ಬಂದಿರಲಿಲ್ಲ. ಮೊದಲೇ ಗೊತ್ತುಮಾಡದೆ ನನ್ನೊಡನೆ ಮಾತಾಡಿದವರನ್ನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ: ಟೆಕ್ಸಸ್‌ನ ಒಂದು ವಾರಕ್ಕೆ ಮೂವರು, ಇಲ್ಲಿನ ಒಂದು ವಾರಕ್ಕೆ ಹತ್ತೊಂಬತ್ತು. ಹೊಸ ಊರಿನಲ್ಲಿ ನಾವೇ ಹೆಚ್ಚು ಮಾತಾಡಿಸುತ್ತೇವೆ ಎಂಬುದು ನಿಜ. ಅರ್ಧ ಕಳೆದರೂ ವ್ಯತ್ಯಾಸ ಉಳಿಯಿತು.

ಮನೆ ನೋಡುವಾಗ ಹೀಟಿಂಗ್ ಬಾಡಿಗೆಯಲ್ಲಿ ಸೇರಿದೆಯೇ ಎಂದು ಮೊದಲು ಕೇಳಬೇಕು. ಹಳೆಯ ಕಟ್ಟಡಗಳಲ್ಲಿ ನೆಲಮಾಳಿಗೆಯ ಬಾಯ್ಲರ್‌ನಿಂದ ಎಲ್ಲ ಮನೆಗಳ ರೇಡಿಯೇಟರ್‌ಗಳಿಗೂ ಉಗಿ ಬರುತ್ತದೆ, ಆ ಬಿಲ್ಲು ಸಾಮಾನ್ಯವಾಗಿ ಮಾಲೀಕರದು. ಹಾಗೆ ಮಾಲೀಕರೇ ಕಾಯಿಸಿಕೊಡುವ ಮನೆಗಳಲ್ಲಿ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲಿನಲ್ಲಿ 68, ರಾತ್ರಿ 66 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 20 ಮತ್ತು 19 ಸೆಲ್ಸಿಯಸ್‌ಗಿಂತ, ಕಡಿಮೆಯಾಗಬಾರದೆಂದು ನಗರದ ಕಾನೂನೇ ಇದೆ. ನಾನು ಉಳಿದಿದ್ದ ಮೂರನೆಯ ಮಹಡಿಯ ಕೋಣೆಯಲ್ಲಿ ಸೆಖೆಯಾಗಿ ರಾತ್ರಿ ಕಿಟಕಿ ತೆರೆಯಬೇಕಾಯಿತು. ಚಳಿಗೆ ಕಟ್ಟಿದ ಮನೆ, ಚಳಿಗೆ ಬರೆದ ಕಾನೂನು ಎರಡೂ ಇರುವ ಊರಿನಲ್ಲಿ ಚಳಿ ಬೇರೆಯದೇ ಎಂಬುದು ಅರ್ವಿಂಗ್‌ನ ಆ ಎರಡೂವರೆ ದಿನಗಳ ಎದುರಿನಲ್ಲಿ ಸ್ಪಷ್ಟವಾಯಿತು. ಹಾಗೆಂದು ಹುಡುಗಾಟಿಕೆಯಲ್ಲ. 2019ರ ಜನವರಿ 30ರಂದು ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಹೋಗಿತ್ತು, ಅಂಚೆಯವರೂ ಬಟವಾಡೆ ನಿಲ್ಲಿಸಿದ್ದರು ಎಂದು ಆ ಕಟ್ಟಡದವರೇ ಹೇಳಿದರು.

ಹಣದ ಲೆಕ್ಕ ಬೇಗ ಮುಗಿಯಿತು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಇಲಿನಾಯ್‌ನಲ್ಲಿ 4.95 ಶೇಕಡಾ ಇದೆ. ಕಾರು ಮಾರಿದರೆ ಅದರ ಕಂತು, ವಿಮೆ, ಪೆಟ್ರೋಲು ಉಳಿದು ಎರಡೂ ಹೆಚ್ಚುಕಡಿಮೆ ಸರಿದೂಗುತ್ತಿದ್ದವು. ಕಾರಿದ್ದರೆ ಹಿಮ ಬಿದ್ದ ಬೆಳಿಗ್ಗೆ ಅದನ್ನು ಸಲಿಕೆಯಿಂದ ಅಗೆದು ತೆಗೆಯುವವಳೂ ನಾನೇ. ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಕೆಲವು ಮುಖ್ಯ ರಸ್ತೆಗಳಲ್ಲಿ ಹಿಮವಿರಲಿ ಇಲ್ಲದಿರಲಿ ನಸುಕಿನ 3ರಿಂದ 7ರವರೆಗೆ ನಿಲ್ಲಿಸುವಂತೆಯೇ ಇಲ್ಲ. ಮಾರಲು ಅಷ್ಟು ಸಾಕಾಯಿತು.

ವೀಸಾದ ವಿಷಯ ಇಷ್ಟು ಸುಲಭವಿರಲಿಲ್ಲ. ನನ್ನ ಹಾಗೆ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರು ಬೇರೆ ಮಹಾನಗರ ಪ್ರದೇಶಕ್ಕೆ ಕೆಲಸದ ಸ್ಥಳ ಬದಲಿಸಿದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. ಅದು ಸಲ್ಲಿಕೆಯಾಗುವವರೆಗೆ ಹೊಸ ಊರಿನಲ್ಲಿ ಕೆಲಸ ಶುರುಮಾಡಬಾರದು. ಇದನ್ನು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಕಂಪನಿಯಿಂದ ಬರವಣಿಗೆಯಲ್ಲಿ ಪಡೆದೆ. ಕೆಲಸ ಹೋದರೆ ಬೇರೆ ಕೆಲಸ ಹಿಡಿಯಲು ಇಲ್ಲವೇ ದೇಶ ಬಿಡಲು ಇರುವುದು ಹೆಚ್ಚೆಂದರೆ 60 ದಿನಗಳ ಅವಧಿ. ಗಂಡ ಹೆಂಡಿರಿಬ್ಬರೂ ದುಡಿಯುವವರಾದರೆ ಒಬ್ಬರ ವೀಸಾದ ಆಸರೆ ಇನ್ನೊಬ್ಬರಿಗೆ ಸಿಗಬಹುದು, ನನ್ನಂಥವರಿಗೆ ಆ ದಾರಿ ಇಲ್ಲ. ಹೊಸ ಊರು, ಒಂದೇ ಸಂಬಳ, ಒಂದೇ ಹೆಸರಿನ ಕರಾರು ಇವು ಮೂರೂ ಸೇರಿದಾಗ ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚು ಇಲ್ಲದೆ ಹೊರಡುವುದಿಲ್ಲವೆಂದು ನಿರ್ಧರಿಸಿ, ವರ್ಗವನ್ನು ಜೂನ್‌ಗೆ ಮುಂದೂಡಿಸಿಕೊಂಡೆ.

ಹೆಚ್ಚು ತೂಗಿ ನೋಡಬೇಕಾಗಿ ಬಂದದ್ದು ನಮ್ಮವರ ವಿಷಯ. ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟವಿದೆ, ಲೆಮಾಂಟ್‌ನಲ್ಲೂ ಅರೋರಾದಲ್ಲೂ ದೊಡ್ಡ ದೇವಸ್ಥಾನಗಳಿವೆ, ನಮ್ಮವರಿರುವಲ್ಲಿ ಒಂಟಿತನ ಎಲ್ಲಿಯದು ಎಂದು ಡಲ್ಲಾಸ್‌ನ ಪರಿಚಯದವರು ಹೇಳಿದ್ದರು. ಅವು ಇರುವುದು ನಿಜ. ಆದರೆ ನಾನು ಮಾತಾಡಿಸಿದ ಕನ್ನಡದ ಕುಟುಂಬಗಳು ಬಹುಪಾಲು ನೇಪರ್‌ವಿಲ್, ಅರೋರಾ, ಷಾಂಬರ್ಗ್‌ನಂಥ ಹೊರವಲಯದ ಊರುಗಳಲ್ಲಿ ಇದ್ದವು. ಶಾಲೆ ಚೆನ್ನಾಗಿದೆಯೆಂದು, ಗ್ಯಾರೇಜಿರುವ ಮನೆ ಸಿಗುತ್ತದೆಂದು ಅಲ್ಲಿಗೆ ಹೋದವರು. ನನಗೆ ಶಾಲೆಯ ಅಗತ್ಯವಿಲ್ಲ, ಕಾರಂತೂ ಮಾರುವವಳಿದ್ದೆ. ಅವರ ನಡುವೆ ಮನೆ ಮಾಡಿದರೆ ಅರ್ವಿಂಗ್‌ನ ಬದುಕನ್ನೇ ಹಿಮದಲ್ಲಿ ಮುಂದುವರಿಸಿದಂತಾಗುತ್ತಿತ್ತು. ಯುಗಾದಿಗೋ ರಾಜ್ಯೋತ್ಸವಕ್ಕೋ ಹೋಗಿ ಹೋಳಿಗೆ ಉಂಡು ಬರಬಹುದು, ಮಂಗಳವಾರ ರಾತ್ರಿಯ ಜ್ವರಕ್ಕೆ ಐವತ್ತು ಕಿಲೋಮೀಟರ್ ಆಚೆಯ ಆತ್ಮೀಯರು ಒದಗುವುದಿಲ್ಲ. ಡೆವೊನ್ ಅವೆನ್ಯೂದ ಅಂಗಡಿಗಳಿಗೆ 155ನೇ ನಂಬರಿನ ಬಸ್ಸು ಹೋಗುತ್ತದೆ. ಕರಿಬೇವು, ಅಕ್ಕಿಹಿಟ್ಟು ಅಲ್ಲಿ ಸಿಕ್ಕಿದವು. ಅಷ್ಟು ಸಾಕೆಂದು ಎಜ್‌ವಾಟರ್ ಆರಿಸಿದೆ. ಅತ್ತೆಯೊಬ್ಬರು “ದೊಡ್ಡ ಊರು, ಯಾರಾದ್ರೂ ಸಿಗ್ತಾರೆ ಬಿಡು” ಎಂದದ್ದನ್ನು ಮಾತ್ರ ಲೆಕ್ಕದ ಎರಡೂ ಕಡೆ ಹಾಕಲಿಲ್ಲ.

ಜೂನ್‌ನಲ್ಲಿ ಮನೆ ಸೇರಿದ ವಾರವೇ ಕೆಳಗಿನ ಮಹಡಿಯಲ್ಲಿ ಒಂಟಿಯಾಗಿರುವ ನಿವೃತ್ತ ನರ್ಸ್‌ ಒಬ್ಬರಿಗೆ ಚಿತ್ರಾನ್ನ ಕೊಟ್ಟು, ಸಂಕೋಚ ಬಿಟ್ಟು ವಿಷಯ ಹೇಳಿದೆ. ನನ್ನ ಮನೆಯ ಕೀಲಿ ಅವರಲ್ಲಿ, ಅವರದು ನನ್ನಲ್ಲಿ. ಬೆಳಿಗ್ಗೆ ಒಂಬತ್ತರೊಳಗೆ ಇಬ್ಬರೂ ಒಂದೊಂದು ಸಂದೇಶ ಕಳಿಸಬೇಕು. ಬಾರದಿದ್ದರೆ ಬಾಗಿಲು ತಟ್ಟಬೇಕು. 1995ರ ಬೇಸಿಗೆಯಲ್ಲಿ ಅವರು ಇದೇ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದರಂತೆ. ನನ್ನ ಈ ಏರ್ಪಾಡು ಏಕೆಂದು ಅವರು ಕೇಳಲೇ ಇಲ್ಲ.

2024ರ ಜನವರಿಯ ನಡುವಿನಲ್ಲಿ, ಫ್ಯಾರನ್‌ಹೀಟ್‌ನ ಸೊನ್ನೆಗೂ ಕೆಳಗೆ ಹೋಗಿದ್ದ ಒಂದು ಬೆಳಿಗ್ಗೆ, ಕಟ್ಟಡದ ಮೆಟ್ಟಿಲ ಮುಂದೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ; ಕಂಬಿ ಹಿಡಿದು ನಾನೇ ಎದ್ದೆ. ಮಣಿಕಟ್ಟು ಊದಿಕೊಂಡಿತ್ತು. ಅದನ್ನು ಒತ್ತಿ ನೋಡಿ ಮೂಳೆ ಮುರಿದಿಲ್ಲವೆಂದು ಹೇಳಿ ಪಟ್ಟಿ ಸುತ್ತಿದವರು ಆ ನರ್ಸ್‌. ಅಮ್ಮನಿಗೆ ಎರಡು ವಾರ ಬಿಟ್ಟು ತಿಳಿಸಿದೆ.

ನನ್ನ ಲೆಕ್ಕ ತಪ್ಪಿದ್ದು ಬೇರೆ ಕಡೆ. ಚಳಿಯನ್ನು ಅಳೆಯಲು ಫೆಬ್ರವರಿ ಸರಿಯಾದ ತಿಂಗಳೇ, ಆದರೆ ಅಷ್ಟರಲ್ಲಿ ಹಗಲು ಹತ್ತು ಗಂಟೆಗೆ ಬೆಳೆದು, ಸೂರ್ಯ ಮುಳುಗುವುದು ಐದರ ಮೇಲಾಗಿರುತ್ತದೆ. ಡಿಸೆಂಬರಿನಲ್ಲಿ ಅದು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೇ ಮುಳುಗುತ್ತದೆ ಎಂಬುದನ್ನು ಕಾಗದದಲ್ಲಿ ಓದಿದ್ದೆ, ಅನುಭವಿಸಿರಲಿಲ್ಲ. ಹಿಡಿದ ಮನೆಯ ಕಿಟಕಿಗಳು ಉತ್ತರಕ್ಕೂ, ಪಕ್ಕದ ಕಟ್ಟಡದ ಗೋಡೆಗೂ ಇದ್ದವು. ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಬೆಳಿಗ್ಗೆ ಹಚ್ಚಿದ ದೀಪವನ್ನು ಮಲಗುವವರೆಗೆ ಆರಿಸುವಂತಿರಲಿಲ್ಲ. ಡಿಸೆಂಬರಿನ ಕೊನೆಗೆ ಅಡುಗೆ ಮಾಡುವುದನ್ನೇ ಬಿಟ್ಟಿದ್ದೆ. ಇನ್ನೊಬ್ಬರು ಮನೆಯಲ್ಲಿದ್ದರೆ ಇದನ್ನು ನನಗಿಂತ ಮೊದಲೇ ಗುರುತಿಸುತ್ತಿದ್ದರು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ವಿಟಮಿನ್ ಡಿ ಕೊಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ, ಹಿಮವಿದ್ದರೂ, ಸರೋವರದ ದಂಡೆಯವರೆಗೆ ನಡೆದು ಬರುವುದನ್ನು ನಾನೇ ಕಡ್ಡಾಯ ಮಾಡಿಕೊಂಡೆ.

ಮೇ ತಿಂಗಳಲ್ಲಿ ಕರಾರು ಮುಗಿಯುವ ಮುನ್ನ ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿ ದಕ್ಷಿಣಕ್ಕೆ ಎರಡು ಕಿಟಕಿಗಳಿರುವ ಮನೆ ಖಾಲಿಯಾಯಿತು. ಬಾಡಿಗೆ ತಿಂಗಳಿಗೆ 90 ಡಾಲರ್ ಹೆಚ್ಚು. ಚೌಕಾಶಿ ಮಾಡದೆ ಒಂದು ವರ್ಷಕ್ಕೆ ಸಹಿ ಹಾಕಿ, ಹೊಸ ಕೀಲಿಯ ನಕಲನ್ನು ಕೆಳಗಿನ ಮನೆಗೆ ಕೊಟ್ಟು ಬಂದೆ.