ನಾಲ್ಕು ಕುಂಡಕ್ಕೆ ಯಾವ ಮೆಣಸಿನಕಾಯಿ?

ತಾರಸಿಯಲ್ಲಿ ಜಾಗ ಇರುವುದೇ ನಾಲ್ಕೈದು ಕುಂಡಕ್ಕೆ, ಅದರಲ್ಲಿ ಯಾವ ಮೆಣಸಿನಕಾಯಿ ಹಾಕಲಿ ಅಂತ ನಮ್ಮ ಬೀದಿಯ ಹೆಣ್ಣುಮಕ್ಕಳು ಆಗಾಗ ಕೇಳುತ್ತಾರೆ. ಮೊಬೈಲಿನಲ್ಲಿ ಬೀಜದ ಪ್ಯಾಕೆಟ್‌ಗಳ ಚಿತ್ರ ನೋಡಿದರೆ ಎಲ್ಲವೂ ಬೇಕು ಅನ್ನಿಸುತ್ತದೆ, ಅಲ್ವಾ? ನಾನು ಹೇಳುವುದು ಇಷ್ಟೇ. ಚಿತ್ರ ಬದಿಗಿಟ್ಟು ಅಡುಗೆಮನೆಗೆ ಹೋಗಿ. ವಾರಕ್ಕೆ ಹಸಿಮೆಣಸಿನಕಾಯಿ ಎಷ್ಟು ಖರ್ಚಾಗುತ್ತದೆ, ಒಣಮೆಣಸಿನಕಾಯಿ ಎಷ್ಟು, ಯಾವ ಯಾವ ಅಡುಗೆಗೆ ಅಂತ ನೋಡಿಕೊಳ್ಳಿ. ದಿನಾ ಹಸಿಯಾಗಿ ಬೇಕಾದ್ದನ್ನು ಬೆಳೆಯಿರಿ. ಒಣಗಿಸಿ ಬಳಸುವುದನ್ನು ಕೊಂಡುಕೊಳ್ಳಿ.

ಹೀಗಂದ ಕೂಡಲೇ "ಹಾಗಾದರೆ ಬ್ಯಾಡಗಿ ಬೇಡವಾ?" ಅಂತ ಮುಖ ಸಣ್ಣ ಮಾಡುತ್ತಾರೆ. ಬ್ಯಾಡಗಿ ಮೇಲೆ ನಮಗೆಲ್ಲ ಪ್ರೀತಿ. ಹುಳಿಪುಡಿಯ ಬಣ್ಣ, ಬಿಸಿಬೇಳೆಬಾತಿನ ಘಮ, ಮಸಾಲೆ ದೋಸೆಗೆ ಸವರುವ ಕೆಂಪು ಚಟ್ನಿ, ಎಲ್ಲ ಅದರದ್ದೇ. ಆದರೆ ಲೆಕ್ಕ ಹಾಕಿ. ಕುಂಡದ ಗಿಡ ಚೆನ್ನಾಗಿ ಬಂದರೂ ಕೈಗೆ ಸಿಗುವುದು ಅರ್ಧ ಮುಕ್ಕಾಲು ಕೆಜಿ ಹಣ್ಣು. ಒಣಗಿದ ಮೇಲೆ ಅದು ಕಾಲು ಕೆಜಿಯೂ ಉಳಿಯುವುದಿಲ್ಲ. ಮನೆಯಲ್ಲಿ ವರ್ಷಕ್ಕೆ ಸಾರಿನಪುಡಿ, ಹುಳಿಪುಡಿ ಮಾಡಿಸಲು ಎರಡು ಮೂರು ಕೆಜಿ ಬೇಕು. ಇಡೀ ತಾರಸಿಯನ್ನು ಅದಕ್ಕೇ ಕೊಟ್ಟರೂ ಸಾಲದು. ಜೊತೆಗೆ ಆ ಕಾಯಿ ಹಾವೇರಿ ಕಡೆಯ ಕಪ್ಪು ಮಣ್ಣು, ಅಲ್ಲಿನ ಒಣಹವೆಗೆ ಒಗ್ಗಿಕೊಂಡದ್ದು. 2011ರಲ್ಲಿ ಅದಕ್ಕೆ ಬ್ಯಾಡಗಿ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿನವರು ಬೆಳೆದದ್ದನ್ನು ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ನೋಡಿ, ಮುಟ್ಟಿ, ಕೊಳ್ಳುವುದೇ ಸರಿ. ಬ್ಯಾಡಗಿಯಲ್ಲೇ ಎರಡು ಬಗೆ. ಹೆಚ್ಚು ಸುಕ್ಕುಗಟ್ಟಿದ, ದಪ್ಪನೆಯ, ಕಡುಗೆಂಪು ಕಾಯಿ ಡಬ್ಬಿ. ತೆಳ್ಳಗೆ ಉದ್ದಕ್ಕಿರುವುದು ಕಡ್ಡಿ. ಪುಡಿಗೆ ಬಣ್ಣ ಬೇಕಾದರೆ ಡಬ್ಬಿ ತನ್ನಿ. ಗುಂಟೂರು ಕಾಯಿಗೂ ಇದೇ ಮಾತು, ಖಾರಕ್ಕೆ ಒಂದು ಹಿಡಿ ಕೊಂಡರೆ ಮುಗಿಯಿತು.

ಈಗ ಹಸಿಮೆಣಸಿನಕಾಯಿ. ಉಪ್ಪಿಟ್ಟು, ಚಿತ್ರಾನ್ನ, ಕೋಸಂಬರಿ, ಕಾಯಿಚಟ್ನಿ, ಮಂಡ್ಯ ಕಡೆಯ ಮನೆಯಾದರೆ ಉಪ್ಸಾರಿನ ಖಾರ. ದಿನಕ್ಕೆ ನಾಲ್ಕೈದು ಕಾಯಿ ಬೇಕೇ ಬೇಕು. ಅಂಗಡಿಯಿಂದ ತಂದದ್ದು ಮೂರನೇ ದಿನಕ್ಕೆ ಬಾಡುತ್ತದೆ, ಫ್ರಿಜ್ಜಿನಲ್ಲಿಟ್ಟರೆ ತೊಟ್ಟಿನ ಹತ್ತಿರ ಕೊಳೆಯಲು ಶುರುವಾಗುತ್ತದೆ. ಔಷಧಿ ಹೊಡೆದದ್ದು ಅನ್ನುವ ಅಳುಕು ಬೇರೆ. ಹಾಗಾಗಿ ಇದಕ್ಕೇ ಎರಡು ಕುಂಡ ಮೀಸಲಿಡಿ. ನಾಲ್ಕು ಜನರ ಮನೆಗೆ ಎರಡು ಗಿಡ ಸಾಕು, ಮೂರಾದರೆ ಧಾರಾಳ.

ತಳಿಯಲ್ಲಿ ನನ್ನ ಒಲವು ಜ್ವಾಲಾ ಕಡೆಗೆ. ತಿಳಿಹಸಿರು, ಉದ್ದನೆಯ, ಮೈಮೇಲೆ ಸಣ್ಣ ಸುಕ್ಕಿರುವ ಕಾಯಿ. ಗಿಡ ಕುಳ್ಳಗೆ ಹರಡಿಕೊಂಡು ಬೆಳೆಯುತ್ತದೆ, ಹಾಗಾಗಿ ತಾರಸಿಯ ಗಾಳಿಗೆ ಸುಲಭಕ್ಕೆ ಬಾಗುವುದಿಲ್ಲ. ಖಾರ ಹದವಾಗಿರುತ್ತದೆ, ಸಿಪ್ಪೆ ತೆಳು, ಒಗ್ಗರಣೆಯಲ್ಲಿ ಬೇಗ ಬಾಡುತ್ತದೆ. ಮುದ್ದೆಗೆ ಕಣ್ಣಲ್ಲಿ ನೀರು ಬರುವಷ್ಟು ಖಾರ ಬೇಕು ಅನ್ನುವ ಮನೆಯವರು ಅರ್ಕಾ ಲೋಹಿತ್ ಹಾಕಬಹುದು. ಅದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ, ಕಡುಹಸಿರು ಕಾಯಿ, ಜ್ವಾಲಾಗಿಂತ ಖಾರ ಜಾಸ್ತಿ. ಎರಡೂ ಹೈಬ್ರಿಡ್ ಅಲ್ಲ. ಬೀಜ ಇಟ್ಟುಕೊಂಡರೆ ಮುಂದಿನ ವರ್ಷವೂ ತಾಯಿಗಿಡದಂತೆಯೇ ಬರುತ್ತವೆ. ಹೈಬ್ರಿಡ್ ಬೀಜದಲ್ಲಿ ಆ ಅನುಕೂಲ ಇಲ್ಲ. ಮೊದಲ ವರ್ಷ ಗಿಡದ ತುಂಬ ಕಾಯಿ ಬಿಡುತ್ತದೆ, ಅದರ ಬೀಜ ಹಾಕಿದರೆ ಒಂದೊಂದು ಗಿಡ ಒಂದೊಂದು ರೀತಿ.

ಮೂರನೇ ಕುಂಡ ಸೂಜಿ ಮೆಣಸಿಗೆ. ಇದನ್ನು ಮಾತ್ರ ಬಿಡಲೇಬೇಡಿ. ಜೀರಿಗೆ ಮೆಣಸು ಅನ್ನಿ, ಗಾಂಧಾರಿ ಅನ್ನಿ, ಕೊಡಗಿನವರ ಪರಂಗಿ ಮಳು ಅನ್ನಿ. ಜಾಗ ಕಡಿಮೆ ಇರುವ ಮನೆಗೆ ಇಷ್ಟು ಒಗ್ಗುವ ಮೆಣಸು ಇನ್ನೊಂದಿಲ್ಲ. ಬೇರೆ ಮೆಣಸಿನ ಗಿಡ ಎಂಟು ಹತ್ತು ತಿಂಗಳಿಗೆ ಸೋಲುತ್ತದೆ. ಇದು ಮೂರು ನಾಲ್ಕು ವರ್ಷ ಬಾಳುತ್ತದೆ. ಮಧ್ಯಾಹ್ನದ ಮೇಲೆ ನೆರಳು ಬೀಳುವ ಬಾಲ್ಕನಿಯಲ್ಲೂ ಕಾಯಿ ಬಿಡುತ್ತದೆ. ಹತ್ತಿರ ಹೋಗಿ ನೋಡಿ, ಕಾಯಿಗಳು ಇಳಿಬೀಳುವುದಿಲ್ಲ, ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತವೆ. ಹಣ್ಣಾದದ್ದನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದರೆ ತೊಟ್ಟು ಗಿಡದಲ್ಲೇ ಉಳಿದು ಕಾಯಿ ಮಾತ್ರ ಕೈಗೆ ಬರುತ್ತದೆ. ಹಕ್ಕಿಗಳಿಗೆ ಖಾರ ತಿಳಿಯುವುದಿಲ್ಲ. ಪಿಕಳಾರ ಬಂದು ಹಣ್ಣು ತಿಂದು ಹೋಗುತ್ತದೆ, ಸ್ವಲ್ಪ ದಿನಕ್ಕೆ ಮಲ್ಲಿಗೆ ಕುಂಡದಲ್ಲೋ ಕಾಂಪೌಂಡಿನ ಸಂದಿಯಲ್ಲೋ ಹೊಸ ಸಸಿ ತಾನಾಗಿ ಎದ್ದಿರುತ್ತದೆ. ಅದನ್ನು ಕಿತ್ತು ಎಸೆಯಬೇಡಿ, ಕೇಳಿದವರಿಗೆ ಕೊಡಿ.

ಅಡುಗೆಯಲ್ಲಿ ಇದರ ಒಂದು ಕಾಯಿ ಮೂರು ಹಸಿಮೆಣಸಿನಕಾಯಿಗೆ ಸಮ. ಮಜ್ಜಿಗೆಗೆ ಒಂದೇ ಒಂದನ್ನು ಉಪ್ಪು, ಶುಂಠಿ ಜೊತೆ ಜಜ್ಜಿ ಹಾಕಿ ನೋಡಿ, ಆ ಘಮ ಬೇರೆ ಯಾವ ಕಾಯಿಗೂ ಇಲ್ಲ. ಜಾಸ್ತಿ ಬಿಟ್ಟರೆ ಗಾಜಿನ ಸೀಸೆಯಲ್ಲಿ ನಿಂಬೆರಸ, ಉಪ್ಪು ಹಾಕಿ ಮುಳುಗಿಸಿಡಿ. ಬೀಜ ಹುಟ್ಟುವುದು ಮಾತ್ರ ನಿಧಾನ, ಎರಡು ಮೂರು ವಾರ ಹಿಡಿಯುತ್ತದೆ. ಬರಲಿಲ್ಲ ಅಂತ ಮಣ್ಣು ಕೆದಕಬೇಡಿ. ಬಹಳ ವರ್ಷ ಇರುವ ಗಿಡವಾದ್ದರಿಂದ ಇದಕ್ಕೆ ಹದಿನಾರು ಇಂಚಿನ ಕುಂಡ ಕೊಡಿ. ಮಿಕ್ಕವಕ್ಕೆ ಹನ್ನೆರಡು ಇಂಚು ಅಗಲ, ಅಷ್ಟೇ ಆಳ ಸಾಕು. ಒಂದು ಕುಂಡಕ್ಕೆ ಒಂದೇ ಗಿಡ. ಎರಡು ನೆಟ್ಟರೆ ಎರಡೂ ಬಡವಾಗುತ್ತವೆ.

ನಾಲ್ಕನೇ ಕುಂಡ ನಿಮ್ಮ ಇಷ್ಟ. ಮಕ್ಕಳಿರುವ ಮನೆಯಾದರೆ ಬಜ್ಜಿ ಮೆಣಸಿನಕಾಯಿ ಹಾಕಿ, ಮಳೆಗಾಲದ ಸಂಜೆಗೆ ಒಂದು ಬಾಣಲೆಯಷ್ಟು ಸಿಕ್ಕರೂ ಖುಷಿ. ಪಕ್ಕದಲ್ಲಿ ಖಾರದ ಗಿಡ ಇದ್ದರೆ ಬಜ್ಜಿ ಕಾಯಿಗೂ ಖಾರ ಹತ್ತುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗೇನೂ ಆಗುವುದಿಲ್ಲ. ಜೇನುನೊಣ ಪರಾಗ ಬೆರೆಸಿದರೆ ಅದರ ಫಲ ಕಾಣುವುದು ಆ ಬೀಜದಿಂದ ಹುಟ್ಟುವ ಗಿಡದಲ್ಲಿ, ಈ ಸಲದ ಕಾಯಲ್ಲಿ ಅಲ್ಲ. ಗಿಡಕ್ಕೆ ನೀರು ಕಡಿಮೆಯಾಗಿ ಬಿಸಿಲಿಗೆ ಸೊರಗಿದರೆ ಕಾಯಿಗೆ ಖಾರ ಏರುತ್ತದೆ. ಖಾರ ಕೂತಿರುವುದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ. ಬಜ್ಜಿಗೆ ಸೀಳುವಾಗ ಆ ದಿಂಡನ್ನು ಚಮಚದ ಹಿಡಿಯಿಂದ ಕೆರೆದು ತೆಗೆದರೆ ಮಕ್ಕಳೂ ತಿನ್ನಬಹುದು.

ದಪ್ಪ ಮೆಣಸಿನಕಾಯಿ ಬೇಡ ಅನ್ನುತ್ತೇನೆ. ಕುಂಡದಲ್ಲಿ ಅದಕ್ಕೆ ಆರೈಕೆ ಜಾಸ್ತಿ, ಸಿಗುವುದು ನಾಲ್ಕಾರು ಕಾಯಿ. ಅಸ್ಸಾಂ ಕಡೆಯ ಭೂತ್ ಜೊಲೊಕಿಯಾ ಬೀಜ ತರಿಸುವ ಹುಡುಗರೂ ಇದ್ದಾರೆ. 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಕಾಯಿ ಅದು. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಹತ್ತು ಲಕ್ಷ ದಾಟುತ್ತದೆ. ನಮ್ಮ ಅಡುಗೆಯಲ್ಲಿ ಅದಕ್ಕೆ ಕೆಲಸ ಇಲ್ಲ. ಹತ್ತು ಕುಂಡ ಇದ್ದವರು ಬೆಳೆಯಲಿ, ನಾಲ್ಕು ಕುಂಡದವರು ಯಾಕೆ ಒಂದನ್ನು ಕಳೆದುಕೊಳ್ಳಬೇಕು?

ತಳಿ ಗೊತ್ತಾದ ಮೇಲೆ ಸಸಿ ಆರಿಸುವುದರಲ್ಲಿ ಆತುರ ಬೇಡ. ನರ್ಸರಿಯಲ್ಲಿ ಆಗಲೇ ಹೂವು, ಪುಟ್ಟ ಕಾಯಿ ಬಿಟ್ಟಿರುವ ಸಸಿ ಕಣ್ಣಿಗೆ ಚೆಂದ. ಆದರೆ ಅದು ಸಣ್ಣ ಕವರಿನಲ್ಲಿ ಬೇರು ಸುತ್ತಿಕೊಂಡು ವಯಸ್ಸಾದದ್ದು. ಐದಾರು ಎಲೆಯ, ಗೇಣುದ್ದದ, ಕಾಂಡ ಗಟ್ಟಿ ಇರುವ ಸಸಿ ಆರಿಸಿ. ತುದಿಯ ಎಲೆ ತಿರುಗಿಸಿ ಬೆನ್ನು ನೋಡಿ. ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುರಿದ್ದರೆ ಥ್ರಿಪ್ಸ್ ಅನ್ನುವ ಪುಟ್ಟ ಕೀಟ, ಕೆಳಮುಖವಾಗಿ ಮಡಚಿದ್ದರೆ ಮೈಟ್ ನುಸಿ. ಎರಡನ್ನೂ ನಾವು ಮುಟುರು ಅಂತಲೇ ಕರೆಯುತ್ತೇವೆ. ಅಂಥ ಒಂದು ಸಸಿ ಮನೆಗೆ ಬಂದರೆ ಮಿಕ್ಕ ಕುಂಡಗಳಿಗೂ ಹಬ್ಬುತ್ತದೆ. ಆಮೇಲೆ ಕಾಣಿಸಿಕೊಂಡರೆ ಮುದುರಿದ ತುದಿ ಚಿವುಟಿ ದೂರ ಹಾಕಿ. ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ, ಬಿಸಿಲು ಇಳಿದ ಮೇಲೆ ಎಲೆಯ ಬೆನ್ನಿಗೆ ಬೀಳುವಂತೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಬೇಕು.

ಮಣ್ಣಿಗೆ ಕೆಂಪುಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ತೆಂಗಿನನಾರಿನ ಪುಡಿ ಸಮಸಮ, ಮೇಲೊಂದು ಹಿಡಿ ಬೇವಿನಹಿಂಡಿ. ಟೊಮ್ಯಾಟೊ, ಬದನೆ ಬೆಳೆದ ಮಣ್ಣಿಗೆ ಮತ್ತೆ ಮೆಣಸು ಬೇಡ. ಮೂರೂ ಒಂದೇ ಕುಟುಂಬದವು, ಒಂದರ ರೋಗ ಇನ್ನೊಂದಕ್ಕೆ ದಾಟುತ್ತದೆ. ಮೈಸೂರಿನಲ್ಲಿ ನೆಡಲು ಒಳ್ಳೆಯ ಕಾಲ ಜೂನ್ ಕೊನೆಯಿಂದ ಜುಲೈ, ಇಲ್ಲವೇ ದಸರೆಯ ಆಸುಪಾಸು. ಫೆಬ್ರವರಿಯಲ್ಲಿ ನೆಟ್ಟರೆ ಹೂ ಬಿಡುವ ಹೊತ್ತಿಗೆ ಏಪ್ರಿಲ್ ಬಿಸಿಲು ಬಂದು ಹೂವೆಲ್ಲ ಉದುರುತ್ತದೆ. ಆಗ ಗೊಬ್ಬರ ಸುರಿಯಬೇಡಿ. ಮಧ್ಯಾಹ್ನಕ್ಕೆ ಒಂದು ಹಳೆಯ ಕಾಟನ್ ಸೀರೆಯ ನೆರಳು ಕಟ್ಟಿ, ಬೆಳಿಗ್ಗೆ ನೀರು ಹಾಕಿ, ಮಳೆ ಬಿದ್ದ ಮೇಲೆ ತಾನೇ ಸರಿಹೋಗುತ್ತದೆ.

ಕಾಯಿ ಕೀಳುವಾಗ ತೊಟ್ಟು ಸಮೇತ ಕೀಳಿ, ಎರಡು ದಿನ ಜಾಸ್ತಿ ಬರುತ್ತದೆ. ಗಿಡದಲ್ಲೇ ಬಿಟ್ಟು ಹಣ್ಣಾಗಿಸಿದರೆ ಹೊಸ ಹೂವು ಕಡಿಮೆಯಾಗುತ್ತದೆ, ಹಾಗಾಗಿ ಹಸಿರಿರುವಾಗಲೇ ಕೀಳುತ್ತಿರಿ. ಬೀಜಕ್ಕೆ ಮಾತ್ರ ಪ್ರತಿ ಗಿಡದಲ್ಲಿ ಒಂದೆರಡು ಕಾಯಿ ಬಿಡಿ. ಆ ಕೊಂಬೆಯ ಮೊಗ್ಗು ಅರಳುವ ಮೊದಲೇ ತೆಳು ಮಲ್ ಬಟ್ಟೆಯ ಚೀಲ ಕಟ್ಟಿದರೆ ಜೇನುನೊಣ ಬರುವುದಿಲ್ಲ, ತಳಿ ಕಲಬೆರಕೆ ಆಗುವುದಿಲ್ಲ. ದಿನಾ ಬೆಳಿಗ್ಗೆ ಚೀಲವನ್ನು ಬೆರಳಿಂದ ಮೆಲ್ಲಗೆ ತಟ್ಟಿದರೆ ಕಾಯಿ ಕಚ್ಚುತ್ತದೆ. ಕಾಯಿ ನಿಂತ ಮೇಲೆ ಚೀಲ ತೆಗೆದು, ಗುರುತಿಗೆ ದಾರ ಕಟ್ಟಿ. ಪೂರ್ತಿ ಕೆಂಪಾದ ಮೇಲೆ ನೆರಳಲ್ಲಿ ಒಣಗಿಸಿ, ಬೀಜ ಬಿಡಿಸಿ, ಕಾಗದದ ಪೊಟ್ಟಣದಲ್ಲಿ ಹೆಸರು, ತಿಂಗಳು ಬರೆದಿಡಿ. ಬೀಜ ಬಿಡಿಸಿದ ಕೈಯನ್ನು ಕಣ್ಣಿಗೆ ತಾಗಿಸಬೇಡಿ. ಮೊದಲು ಒಂದು ತೊಟ್ಟು ಎಣ್ಣೆ ಸವರಿಕೊಂಡು, ಆಮೇಲೆ ಸೋಪು ಹಾಕಿ ತೊಳೆದುಕೊಳ್ಳಿ.